ಎರಡು ಬಾಲದ ಮೂಳೆ, ಹದಿನಾಲ್ಕು ಪ್ರಭೇದ: ಟೈಟಾನೋಸಾರಸ್ ಇಂಡಿಕಸ್ ಪ್ರಕರಣ

ಭಾರತದಲ್ಲಿ ಸಿಕ್ಕಿದ ಮೊದಲ ಡೈನೋಸಾರ್ ಯಾವ್ದು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಟೈಟಾನೋಸಾರಸ್ ಇಂಡಿಕಸ್ ಅಂತ ಉತ್ತರ ಬರುತ್ತೆ, ಅದು ಸರೀನೂ ಹೌದು. ಆದ್ರೆ ಆ ಹೆಸರು ಈಗ ಚಲಾವಣೆಯಲ್ಲಿಲ್ಲ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಮೂಳೆ ಸುಳ್ಳಲ್ಲ, ಪ್ರಾಣಿ ಸುಳ್ಳಲ್ಲ, ಹೆಸರಿಟ್ಟವರು ಮೋಸ ಮಾಡಿದವರೂ ಅಲ್ಲ, ಆದ್ರೂ ಹೆಸರು ಬಿದ್ದುಹೋಯ್ತು. ಹೇಗೆ ಅನ್ನೋದನ್ನ ಮೊದಲಿಂದ ಕೊನೆವರೆಗೂ ಒಂದೇ ಕಡೆ ಬರೆದಿಡ್ಬೇಕು ಅನ್ನಿಸ್ತು, ಯಾಕಂದ್ರೆ ತುಂಡು ಮೂಳೆಗೆ ಹೆಸರಿಡೋದ್ರಲ್ಲಿ ಏನೇನು ಎಡವಟ್ಟು ಆಗಬಹುದೋ ಅದೆಲ್ಲಾ ಈ ಒಂದೇ ಪ್ರಕರಣದಲ್ಲಿ ಆಗಿದೆ, ಅದೂ ನಮ್ಮ ದೇಶದ ಮಣ್ಣಲ್ಲೇ.

ಮೊದ್ಲು ಸ್ವಲ್ಪ ಹಿನ್ನೆಲೆ. ಟೈಟಾನೋಸಾರಸ್ ಸಾರೋಪಾಡ್ ಅನ್ನೋ ಗುಂಪಿಗೆ ಸೇರಿದ್ದು. ಸಾರೋಪಾಡ್ ಅಂದ್ರೆ ಉದ್ದ ಕತ್ತು, ಉದ್ದ ಬಾಲ, ಸಣ್ಣ ತಲೆ, ಕಂಬದಂಥ ನಾಲ್ಕು ಕಾಲು ಇರೋ ಸೊಪ್ಪು ತಿನ್ನೋ ದೈತ್ಯ ಡೈನೋಸಾರ್‌ಗಳು. ಇವುಗಳ ಪೂರ್ತಿ ಅಸ್ಥಿಪಂಜರ ಸಿಗೋದು ಬಹಳ ಅಪರೂಪ. ಅಷ್ಟು ದೊಡ್ಡ ಮೈ ಕೊಳೆಯೋಕೆ ಮುಂಚೆ ಪೂರ್ತಿ ಮಣ್ಣಲ್ಲಿ ಮುಚ್ಚಿಹೋಗೋದೇ ಕಷ್ಟ, ಅಷ್ಟರೊಳಗೆ ಬೇರೆ ಪ್ರಾಣಿಗಳು ಎಳೆದಾಡಿರ್ತವೆ, ನೀರು ಕೊಚ್ಚಿಕೊಂಡು ಹೋಗಿರುತ್ತೆ. ತಲೆಬುರುಡೆ ತೆಳುವಾದ ಮೂಳೆಗಳದ್ದು, ಕತ್ತಿಗೆ ಅಂಟಿಕೊಂಡಿರೋದೂ ಅಷ್ಟಕ್ಕಷ್ಟೇ, ಅದೇ ಮೊದಲು ಕಳಚಿಹೋಗೋದು. ಕೊನೆಗೆ ಉಳಿಯೋದು ಗಟ್ಟಿಮುಟ್ಟಾದ ಬಾಲದ ಕಶೇರುಮಣಿ (ಬೆನ್ನುಮೂಳೆ ಸಾಲಿನ ಒಂದೊಂದು ಮೂಳೆ), ತೊಡೆಮೂಳೆ ಈ ಥರದ್ದು. ಒಂದೇ ಬಾಲದಲ್ಲಿ ಹತ್ತಾರು ಮಣಿ ಇರುತ್ತೆ, ಸೊಂಟದ ಹತ್ತಿರದ್ದು ಗಿಡ್ಡ ಮತ್ತೆ ಅಗಲ, ಹಿಂದೆ ಹೋದ ಹಾಗೆ ಉದ್ದ ಮತ್ತೆ ಸಪೂರ. ಅಂದ್ರೆ ನೋಡೋಕೆ ಬೇರೆ ಬೇರೆ ಥರ ಇರೋ ಎರಡು ಮಣಿ ಒಂದೇ ಪ್ರಾಣಿಯದ್ದಿರಬಹುದು, ಒಂದೇ ಥರ ಕಾಣೋ ಎರಡು ಮಣಿ ಎರಡು ಪ್ರಾಣಿಯದ್ದಿರಬಹುದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರೋ ಗೊಂದಲದ ಅರ್ಧ ಬೇರು ಇಲ್ಲೇ ಇದೆ.

1828ರಲ್ಲಿ ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಕ್ಯಾಪ್ಟನ್ ವಿಲಿಯಂ ಸ್ಲೀಮನ್‌ಗೆ ಕಲ್ಲಾಗಿದ್ದ ಮೂಳೆಗಳು ಸಿಕ್ಕವು. ಥಗ್ಗರನ್ನ ಹತ್ತಿಕ್ಕಿದ ಅಧಿಕಾರಿ ಅಂತ ಇತಿಹಾಸದ ಪಾಠದಲ್ಲಿ ಬರೋ ಸ್ಲೀಮನ್ನೇ ಇವರು. ಆಗ ಡೈನೋಸಾರ್ ಅನ್ನೋ ಪದವೇ ಇರಲಿಲ್ಲ, ಇಂಗ್ಲೆಂಡಿನ ರಿಚರ್ಡ್ ಓವೆನ್ ಅದನ್ನ ತಂದಿದ್ದು 1842ರಲ್ಲಿ. ಸ್ಲೀಮನ್ ಮೂಳೆಗಳನ್ನ ಅಲ್ಲಿನ ವೈದ್ಯ ಸ್ಪಿಲ್ಸ್‌ಬರಿಗೆ ಕೊಟ್ಟರು, ಅಲ್ಲಿಂದ ಕಲ್ಕತ್ತಾದ ಜೇಮ್ಸ್ ಪ್ರಿನ್ಸೆಪ್ ಕೈಗೆ ಹೋಯ್ತು, ಅಶೋಕನ ಬ್ರಾಹ್ಮಿ ಲಿಪಿ ಓದಿದ ಅದೇ ಪ್ರಿನ್ಸೆಪ್. ಆಮೇಲೆ ವರ್ಷಗಟ್ಟಲೆ ಸಂಗ್ರಹದಲ್ಲಿ ಸುಮ್ಮನೆ ಬಿದ್ದಿದ್ವು. ಪಳೆಯುಳಿಕೆ ತಜ್ಞ ಹ್ಯೂ ಫಾಕ್ನರ್ ಅವು ಸರೀಸೃಪದ ಮೂಳೆ ಅಂತ ಗುರುತಿಸಿ ವಿವರಣೆ ಬರೆದರು, ಅದು ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1868ರಲ್ಲಿ. ಹೆಸರು ಮಾತ್ರ ಇಡಲಿಲ್ಲ.

ಹೆಸರಿಟ್ಟಿದ್ದು ರಿಚರ್ಡ್ ಲೈಡೆಕ್ಕರ್, 1877ರಲ್ಲಿ. ಇವರು ಜಿಯಲಾಜಿಕಲ್ ಸರ್ವೆ ಆಫ್ ಇಂಡಿಯಾದಲ್ಲಿ, ಅಂದ್ರೆ ಜಿಎಸ್‌ಐನಲ್ಲಿ ಕೆಲಸ ಮಾಡ್ತಿದ್ದವರು. ಅವರ ಮುಂದೆ ಇದ್ದದ್ದು ಎರಡು ಬಾಲದ ಮಣಿ, ಜೊತೆಗೆ ಅದೇ ಜಬಲ್ಪುರದ ಕಡೆ ಆಮೇಲೆ ಸಿಕ್ಕಿದ ಒಂದು ತೊಡೆಮೂಳೆ. ತೊಡೆಮೂಳೆ ಅದೇ ಪ್ರಾಣಿಯದ್ದು ಅನ್ನೋಕೆ ಆಧಾರ ಏನು ಅಂದ್ರೆ ಒಂದೇ ಊರು, ಎರಡೂ ದೊಡ್ಡವು, ಅಷ್ಟೇ. ಮೂಳೆ ಮೂಳೆಗೆ ಅಂಟಿಕೊಂಡು ಸಿಕ್ಕಿದ್ದಲ್ಲ.

ಆ ಬಾಲದ ಮಣಿಯನ್ನ ಸ್ವಲ್ಪ ಹತ್ತಿರದಿಂದ ನೋಡೋಣ. ನಡುವಿನ ದಿಂಡು ಇದೆಯಲ್ಲ, ಅದರ ಮುಂದಿನ ಮುಖ ಬಟ್ಟಲಿನ ಹಾಗೆ ತಗ್ಗು, ಹಿಂದಿನ ಮುಖ ಗುಂಡಗೆ ಉಬ್ಬು. ಒಂದು ಮಣಿಯ ಉಬ್ಬು ಹಿಂದಿನ ಮಣಿಯ ತಗ್ಗಿನೊಳಗೆ ಹೋಗಿ ಕೂರುತ್ತೆ, ನಮ್ಮ ಭುಜದ ಕೀಲಿನ ಥರದ್ದೇ ಕೂಡಿಕೆ. ದಿಂಡಿನ ಎರಡೂ ಪಕ್ಕ ಒತ್ತಿದ ಹಾಗೆ ಚಪ್ಪಟೆ. ನರದ ಹುರಿ ಹಾದುಹೋಗೋ ಕಮಾನು ದಿಂಡಿನ ನಡುವೆ ಇಲ್ಲ, ಮುಂದಿನ ಅರ್ಧಕ್ಕೆ ಸರಿದು ಕೂತಿದೆ. ಆಗ ಗೊತ್ತಿದ್ದ ದೊಡ್ಡ ಡೈನೋಸಾರ್‌ಗಳ ಬಾಲದ ಮಣಿ ಎರಡೂ ಕಡೆ ಹೆಚ್ಚುಕಮ್ಮಿ ಚಪ್ಪಟೆ ಇರ್ತಿದ್ವು, ಈ ಥರ ತಗ್ಗು ಉಬ್ಬು ಇರೋದನ್ನ ಯಾರೂ ಕಂಡಿರಲಿಲ್ಲ. ಹಾಗಾಗಿ ಲೈಡೆಕ್ಕರ್ ಇದು ಹೊಸ ಜೀನಸ್ (ಹತ್ತಿರದ ಪ್ರಭೇದಗಳು ಸೇರಿದ ಗುಂಪು, ಇಲ್ಲಿ ಟೈಟಾನೋಸಾರಸ್ ಅನ್ನೋದು ಜೀನಸ್ ಹೆಸರು, ಇಂಡಿಕಸ್ ಅನ್ನೋದು ಪ್ರಭೇದದ್ದು) ಅಂದಿದ್ದು ಆ ಕಾಲಕ್ಕೆ ಪಕ್ಕಾ ಸರಿ. ಸಾರೋಪಾಡ್ ಅನ್ನೋ ಗುಂಪಿನ ಹೆಸರೇ ಆಗ ಇರಲಿಲ್ಲ, ಅದನ್ನ ಅಮೆರಿಕದ ಮಾರ್ಶ್ ಇಟ್ಟಿದ್ದು ಮರುವರ್ಷ, 1878ರಲ್ಲಿ. ಹಳಬರಿಗೆ ಏನೂ ಗೊತ್ತಿರಲಿಲ್ಲ ಅಂತ ಬೈದು ಮುಗಿಸೋ ಬರಹಗಳನ್ನ ಓದಿದ್ದೀನಿ, ಅದು ನ್ಯಾಯ ಅಲ್ಲ. ಲೈಡೆಕ್ಕರ್ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು.

1879ರಲ್ಲಿ ಲೈಡೆಕ್ಕರ್ ಇನ್ನೊಂದು ಪ್ರಭೇದ ಹೆಸರಿಸಿದ್ರು, ಟೈಟಾನೋಸಾರಸ್ ಬ್ಲ್ಯಾನ್‌ಫೋರ್ಡೈ. ಈಗಿನ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ಡುರಾದಲ್ಲಿ ಸಿಕ್ಕಿದ್ದು, ಇದೂ ಬಾಲದ ಮಣಿಯೇ. ಇದರ ಪಕ್ಕ ಚಪ್ಪಟೆ ಇಲ್ಲ, ಗುಂಡಗಿದೆ, ಆದ್ದರಿಂದ ಬೇರೆ ಪ್ರಭೇದ ಅನ್ನೋದು ಅವರ ವಾದ. ಬಾಲದ ಮುಂದಿನ ಮಣಿಗೂ ಹಿಂದಿನ ಮಣಿಗೂ ಆಕಾರ ಬೇರೆ ಇರುತ್ತೆ ಅಂತ ಮೇಲೆ ಹೇಳಿದ್ನಲ್ಲ, ಆ ಪ್ರಶ್ನೆ ಇಲ್ಲಿಂದಲೇ ಶುರುವಾಗಬೇಕಿತ್ತು.

ಅಲ್ಲಿಗೆ ನಿಂತಿದ್ರೆ ಇದು ಒಂದು ಗುಡ್ಡದ ಕಥೆಯಾಗಿ ಮುಗೀತಿತ್ತು. ಆದ್ರೆ ಬಾಲದ ಮಣಿಯಲ್ಲಿ ತಗ್ಗು ಉಬ್ಬು ಇದ್ರೆ ಟೈಟಾನೋಸಾರಸ್ ಅನ್ನೋದು ಒಂದು ಅಳತೆಗೋಲಿನ ಥರ ಎಲ್ಲಾ ಕಡೆ ಓಡಾಡೋಕೆ ಶುರುವಾಯ್ತು. 1893ರಲ್ಲಿ ಅದೇ ಲೈಡೆಕ್ಕರ್ ಅರ್ಜೆಂಟೀನಾದ ಪ್ಯಾಟಗೋನಿಯಾದ ಮೂಳೆಗಳಿಗೆ ಟೈಟಾನೋಸಾರಸ್ ಆಸ್ಟ್ರಾಲಿಸ್, ಟೈಟಾನೋಸಾರಸ್ ನ್ಯಾನಸ್ ಅಂತ ಹೆಸರಿಟ್ಟರು. 1896ರಲ್ಲಿ ಫ್ರಾನ್ಸಿನ ಡೆಪೆರೆ ಮಡಗಾಸ್ಕರ್‌ನ ಮೂಳೆಗೂ ಟೈಟಾನೋಸಾರಸ್ ಅಂತಲೇ ಹೆಸರಿಟ್ಟರು. ಆಮೇಲೆ ರೊಮೇನಿಯಾ, ಇಂಗ್ಲೆಂಡಿನ ಐಲ್ ಆಫ್ ವೈಟ್, 1942ರಲ್ಲಿ ಲಾವೋಸ್. ಒಟ್ಟು ಹದಿನಾಲ್ಕು ಪ್ರಭೇದ, ಹಲವು ಖಂಡ, ಕ್ರಿಟೇಶಿಯಸ್ ಅನ್ನೋ ಡೈನೋಸಾರ್‌ಗಳ ಕೊನೆಯ ಯುಗದ ಸುಮಾರು 6 ಕೋಟಿ ವರ್ಷದಷ್ಟು ಹರವು, ಎಲ್ಲಾ ಒಂದೇ ಜೀನಸ್ ಒಳಗೆ. ಒಂದು ಜೀನಸ್ ಡೈನೋಸಾರ್ ಅಷ್ಟು ಕಾಲ ಅಷ್ಟು ದೂರ ಬದಲಾಗದೇ ಬದುಕಿರೋದು ನಂಬೋಕೆ ಕಷ್ಟ ಅಲ್ವಾ, ಆದ್ರೂ ಪುಸ್ತಕಗಳಲ್ಲಿ ದಶಕಗಟ್ಟಲೆ ಹಾಗೇ ನಡೀತು.

ಇದ್ರಿಂದ ಆದ ನಷ್ಟ ಬರೀ ಹೆಸರಿನದ್ದಲ್ಲ, ಇದನ್ನ ಜನ ಹಗುರವಾಗಿ ತಗೋತಾರೆ ಅನ್ನೋದು ನನ್ನ ಬೇಸರ. ಒಂದೇ ಜೀನಸ್ ಇಲ್ಲೂ ಅಲ್ಲೂ ಇದೆ ಅಂದ ತಕ್ಷಣ ಇಲ್ಲಿಂದ ಅಲ್ಲಿಗೆ ನೆಲದ ದಾರಿ ಇತ್ತು ಅಂತ ತೀರ್ಮಾನ ಮಾಡ್ತಾರೆ. ಡೈನೋಸಾರ್‌ಗಳ ಕೊನೆಗಾಲದಲ್ಲಿ ಭಾರತ ಸಮುದ್ರದ ಮಧ್ಯೆ ಉತ್ತರಕ್ಕೆ ಸರೀತಿದ್ದ ಭೂಖಂಡ, ಮಡಗಾಸ್ಕರ್‌ನಿಂದ ಬೇರೆಯಾಗಿ ಸುಮಾರು 2 ಕೋಟಿ ವರ್ಷ ಆಗಿತ್ತು. ಆ ಭಾರತಕ್ಕೂ ಯುರೋಪಿಗೂ ದಕ್ಷಿಣ ಅಮೆರಿಕಕ್ಕೂ ಯಾವ ಸಂಬಂಧ ಇತ್ತು ಅನ್ನೋ ದೊಡ್ಡ ಪ್ರಶ್ನೆಗೆ ಟೈಟಾನೋಸಾರಸ್ ಹೆಸರನ್ನ ಸಾಕ್ಷಿ ಥರ ಬಳಸ್ತಿದ್ರು, ಸಾಕ್ಷಿಯ ಕೆಳಗೆ ಇದ್ದದ್ದು ಎರಡು ಬಾಲದ ಮಣಿ.

ಈ ನಡುವೆ ಜಬಲ್ಪುರಕ್ಕೆ ವಾಪಸ್ ಬರೋಣ. ಭೂವಿಜ್ಞಾನಿ ಚಾರ್ಲ್ಸ್ ಮ್ಯಾಟ್ಲೆ 1917ರಿಂದ ಬಡಾ ಸಿಮ್ಲಾದಲ್ಲಿ ಅಗೆಸಿದ್ರು, ತುಂಬಾ ಮೂಳೆ ಸಿಕ್ತು, ಆದ್ರೆ ಬಿಡಿಬಿಡಿ, ಕಲಸಿಕೊಂಡು. 1923ರಲ್ಲಿ ಮ್ಯಾಟ್ಲೆ ಲ್ಯಾಮೆಟಾಸಾರಸ್ ಅಂತ ಒಂದು ಕವಚದ ಡೈನೋಸಾರ್ ಹೆಸರಿಸಿದ್ರು, ಅದರಲ್ಲಿದ್ದ ಸೊಂಟದ ಮೂಳೆ, ಕಾಲಿನ ಮೂಳೆ ಮಾಂಸ ತಿನ್ನೋ ಡೈನೋಸಾರ್‌ದು ಅಂತ ಆಮೇಲೆ ತಿಳೀತು, ಒಂದಕ್ಕಿಂತ ಹೆಚ್ಚು ಪ್ರಾಣಿಯ ತುಂಡು ಸೇರಿ ಒಂದು ಪ್ರಾಣಿ ಆಗಿಬಿಟ್ಟಿತ್ತು. 1933ರಲ್ಲಿ ಮ್ಯಾಟ್ಲೆ ಮತ್ತೆ ಜರ್ಮನಿಯ ಫ್ರೀಡ್ರಿಕ್ ಫಾನ್ ಹ್ಯೂನೆ ಸೇರಿ ಜಬಲ್ಪುರದ ಡೈನೋಸಾರ್‌ಗಳ ಬಗ್ಗೆ ದೊಡ್ಡ ವರದಿ ಬರೆದ್ರು. ಅದರಲ್ಲಿ ಇನ್ನೊಂದು ಸಾರೋಪಾಡ್‌ಗೆ ಆಂಟಾರ್ಕ್ಟೋಸಾರಸ್ ಸೆಪ್ಟೆಂಟ್ರಿಯೊನಾಲಿಸ್ ಅಂತ ಹೆಸರು, ಅರ್ಜೆಂಟೀನಾದ ಜೀನಸ್ ಕೆಳಗೆ ಹಾಕಿದ್ರು. ಅದು ಆ ಜೀನಸ್‌ಗೆ ಸೇರೋದೇ ಇಲ್ಲ ಅಂತ 1990ರ ದಶಕದಲ್ಲಿ ಬೇರೆ ಮಾಡಿ, ಭಾರತದ ಪಳೆಯುಳಿಕೆ ತಜ್ಞ ಸೋಹನ್ ಲಾಲ್ ಜೈನ್ ಗೌರವಕ್ಕೆ ಜೈನೋಸಾರಸ್ ಅಂತ ಕರೆದ್ರು. ಈ ಪ್ರಾಣಿಯ ಮಿದುಳಿನ ಗೂಡಿನ ಮೂಳೆ ಸಿಕ್ಕಿದೆ, ಹೋಲಿಸೋಕೆ ಬೇಕಾದಷ್ಟು ವಿವರ ಅದರಲ್ಲಿದೆ, ಅದಕ್ಕೇ ಈ ಹೆಸರು ಇನ್ನೂ ನಿಂತಿದೆ.

1987ರಲ್ಲಿ ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕಿದ ಹಲ್ಲುಗಳಿಗೆ ಟೈಟಾನೋಸಾರಸ್ ರಾಹಿಯೋಲಿಯೆನ್ಸಿಸ್ ಅಂತ ಹೆಸರಿಟ್ಟರು. ಇಲ್ಲಿ ಒಂದು ನಿಮಿಷ ನಿಂತು ಯೋಚನೆ ಮಾಡಿ. ಟೈಟಾನೋಸಾರಸ್ ಇಂಡಿಕಸ್‌ನ ಮೂಲ ಮೂಳೆ ಬಾಲದ್ದು, ಅದರ ಹಲ್ಲು ಹೇಗಿತ್ತು ಅಂತ ಯಾರೂ ನೋಡಿಲ್ಲ. ಹಲ್ಲನ್ನ ಬಾಲದ ಜೊತೆ ಇಟ್ಟು ಹೋಲಿಸೋದಾದ್ರೂ ಹೇಗೆ? ಒಂದೇ ಭಾಗದ ಮೂಳೆ ಎರಡೂ ಕಡೆ ಇಲ್ಲದಿದ್ರೆ ಹೋಲಿಕೆ ಅನ್ನೋದೇ ಇಲ್ಲ. ಇಡೀ ಪ್ರಕರಣದಲ್ಲಿ ನನಗೆ ಒಪ್ಪೋಕೇ ಆಗದ ಹೆಜ್ಜೆ ಇದೊಂದೇ.

ಒಳ್ಳೆ ಸುದ್ದಿ ಬಂದಿದ್ದು ಡೊಂಗರಗಾಂವ್‌ನಿಂದ, ಇದೂ ಚಂದ್ರಪುರ ಜಿಲ್ಲೆಯದ್ದೇ. ಕೋಲ್ಕತ್ತಾದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌, ಅಂದ್ರೆ ಐಎಸ್‌ಐನವರು 1980ರ ದಶಕದಲ್ಲಿ ಅಲ್ಲಿ ಅಗೆದಾಗ ಒಂದೇ ಪ್ರಾಣಿಯ ಕತ್ತಿನ, ಬೆನ್ನಿನ, ಸೊಂಟದ, ಬಾಲದ ಮಣಿಗಳು, ಪಕ್ಕೆಲುಬು, ಭುಜ, ಮುಂಗಾಲು ಎಲ್ಲಾ ಒಟ್ಟಿಗೆ ಸಿಕ್ತು. ತಲೆ ಇಲ್ಲ, ಹಿಂಗಾಲಿಲ್ಲ, ಆದ್ರೂ ಭಾರತದ ಕ್ರಿಟೇಶಿಯಸ್ ಸಾರೋಪಾಡ್‌ಗಳಲ್ಲಿ ಇಷ್ಟು ಪೂರ್ತಿಯಾಗಿ ಸಿಕ್ಕಿದ್ದು ಬೇರೆ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಸಂಸ್ಥೆಗೂ ಡೈನೋಸಾರ್‌ಗೂ ಏನು ನಂಟು ಅಂದ್ರೆ, ಮಹಲನೋಬಿಸ್ ಕಟ್ಟಿದ ಆ ಸಂಸ್ಥೆಯಲ್ಲಿ 1950ರ ದಶಕದಿಂದ ಭೂವಿಜ್ಞಾನ ವಿಭಾಗ ಇದೆ, ಜುರಾಸಿಕ್ ಕಾಲದ ಬರಾಪಾಸಾರಸ್ ಅನ್ನೋ ಸಾರೋಪಾಡ್ ಅಸ್ಥಿಪಂಜರವನ್ನ ಜೋಡಿಸಿ ನಿಲ್ಲಿಸಿರೋದೂ ಅಲ್ಲೇ. ಜೈನ್ ಮತ್ತೆ ಶಾಶ್ವತಿ ಬಂದ್ಯೋಪಾಧ್ಯಾಯ 1997ರಲ್ಲಿ ಡೊಂಗರಗಾಂವ್ ಪ್ರಾಣಿಗೆ ಟೈಟಾನೋಸಾರಸ್ ಕೋಲ್ಬರ್ಟೈ ಅಂತ ಹೆಸರಿಟ್ಟರು.

ಈಗ ಅಸಲಿ ತೊಡಕು. ಕೋಲ್ಬರ್ಟೈಗೆ ಬೇಕಾದಷ್ಟು ಮೂಳೆ ಇದೆ, ಆದ್ರೆ ಅದು ಟೈಟಾನೋಸಾರಸ್ಸೇ ಹೌದಾ ಅನ್ನೋದನ್ನ ತೀರ್ಮಾನ ಮಾಡ್ಬೇಕಾದ್ದು ಇಂಡಿಕಸ್‌ನ ಎರಡು ಮಣಿಯಿಂದ. ಜೀನಸ್ ಹೆಸರು ಯಾವತ್ತೂ ಅದರ ಮೂಲ ಪ್ರಭೇದಕ್ಕೆ ಕಟ್ಟಿಕೊಂಡಿರುತ್ತೆ, ಆ ಪ್ರಭೇದದ ಹೆಸರು ಅದರ ಮೂಲ ಮೂಳೆಗೆ ಕಟ್ಟಿಕೊಂಡಿರುತ್ತೆ, ಆಮೇಲೆ ಎಷ್ಟೇ ಒಳ್ಳೆ ಅಸ್ಥಿಪಂಜರ ಸಿಕ್ಕಿದ್ರೂ ಮಾತು ಕೊನೆಗೆ ಬಂದು ನಿಲ್ಲೋದು ಮೊದಲ ಮೂಳೆ ಹತ್ರ.

2003ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್, ಇಂಗ್ಲೆಂಡಿನ ಪಾಲ್ ಅಪ್‌ಚರ್ಚ್ ಹದಿನಾಲ್ಕು ಪ್ರಭೇದವನ್ನೂ ಒಂದೊಂದಾಗಿ ಪರೀಕ್ಷೆ ಮಾಡಿದ್ರು. ಅವರ ಪ್ರಶ್ನೆ ನೇರ: ಈ ಮೂಳೆಯಲ್ಲಿ ಬೇರೆ ಯಾವ ಪ್ರಾಣಿಯಲ್ಲೂ ಇಲ್ಲದ ಒಂದಾದ್ರೂ ಗುರುತು ಇದೆಯಾ? ಇಂಡಿಕಸ್ ವಿಷಯದಲ್ಲಿ ಉತ್ತರ ಇಲ್ಲ ಅಂತ ಬಂತು. 1877ರಲ್ಲಿ ಯಾರಲ್ಲೂ ಇಲ್ಲದ ತಗ್ಗು ಉಬ್ಬಿನ ಬಾಲ ಅಷ್ಟೊತ್ತಿಗೆ ಹತ್ತಾರು ಜೀನಸ್‌ಗಳಲ್ಲಿ ಸಿಕ್ಕಿತ್ತು, ಅದು ಒಂದು ಪ್ರಾಣಿಯ ಗುರುತಲ್ಲ, ಒಂದು ದೊಡ್ಡ ಗುಂಪಿನ ಗುರುತು. ಊರಿಗೆಲ್ಲಾ ಹುಲ್ಲಿನ ಮನೆ ಇದ್ದಾಗ ಹೆಂಚಿನ ಮನೆಯವರು ಅಂದ್ರೆ ವಿಳಾಸ ಆಗ್ತಿತ್ತು, ಎಲ್ಲರೂ ಹೆಂಚು ಹಾಕಿಸಿಕೊಂಡ ಮೇಲೆ ಆ ಹೆಸರು ಹೇಳ್ಕೊಂಡು ಹೋದ್ರೆ ಮನೆ ಸಿಗಲ್ಲ. ಗುರುತು ಹೀಗೆ ಕಾಲ ಕಳೆದ ಹಾಗೆ ಸವೆದು ಹೋಗೋದನ್ನ ಅವರು ಆ ಪ್ರಬಂಧದಲ್ಲಿ ಸ್ಪಷ್ಟವಾಗಿ ಎತ್ತಿ ತೋರಿಸಿದ್ರು, ನನ್ನ ಪ್ರಕಾರ ಈ ಪ್ರಕರಣದಿಂದ ಬಂದ ದೊಡ್ಡ ಲಾಭ ಅದೇ. ತುಂಡು ಮೂಳೆಗೆ ಇಟ್ಟ ಹೆಸರು ಇಟ್ಟ ದಿನ ಸರಿ ಇದ್ದು ನೂರು ವರ್ಷದ ಮೇಲೆ ತಪ್ಪಾಗಬಹುದು, ಮೂಳೆಯಲ್ಲಿ ಒಂದು ಗೀರೂ ಬದಲಾಗದೇ.

ಹಾಗಾಗಿ ಟೈಟಾನೋಸಾರಸ್ ಇಂಡಿಕಸ್ ನೋಮೆನ್ ಡ್ಯೂಬಿಯಮ್ ಆಯ್ತು, ಅಂದ್ರೆ ಯಾವ ಪ್ರಾಣಿಗೆ ಸೇರಿದ್ದು ಅಂತ ಖಚಿತವಾಗಿ ಹೇಳೋಕಾಗದ ಸಂಶಯದ ಹೆಸರು. ಬ್ಲ್ಯಾನ್‌ಫೋರ್ಡೈ ಕಥೆಯೂ ಅದೇ. ಹದಿನಾಲ್ಕರಲ್ಲಿ ಸ್ವಂತ ಗುರುತು ಉಳಿಸಿಕೊಂಡದ್ದು ಐದು ಮಾತ್ರ, ಆ ಐದೂ ಬೇರೆ ಜೀನಸ್ ಹೆಸರಲ್ಲಿ ಬದುಕ್ತಿವೆ. ಲೈಡೆಕ್ಕರ್ ಅವರ ಆಸ್ಟ್ರಾಲಿಸ್ ಅದಕ್ಕೂ ಮೊದಲೇ ನ್ಯೂಕ್ವೆನ್‌ಸಾರಸ್ ಆಗಿತ್ತು. ಡೊಂಗರಗಾಂವ್ ಪ್ರಾಣಿಗೆ ಐಎಸ್‌ಐ ಸಂಸ್ಥೆಯ ಹೆಸರಲ್ಲೇ ಐಸಿಸಾರಸ್ ಅಂತ ಹೊಸ ಜೀನಸ್ ಬಂತು, ಕೋಲ್ಬರ್ಟೈ ಅನ್ನೋ ಪ್ರಭೇದದ ಹೆಸರು ಹಾಗೇ ಉಳೀತು.

ಎಲ್ಲರೂ ಒಪ್ಪಿದ್ರಾ ಅಂದ್ರೆ ಇಲ್ಲ. ವಿಲ್ಸನ್ ಮತ್ತೆ ಅಪ್‌ಚರ್ಚ್ ಟೈಟಾನೋಸಾರಿಡೇ ಅನ್ನೋ ಕುಟುಂಬದ ಹೆಸರನ್ನೂ ಕೈಬಿಡ್ಬೇಕು ಅಂದ್ರು, ಅಡಿಪಾಯದ ಜೀನಸ್ಸೇ ಸಂಶಯದ್ದಾದ ಮೇಲೆ ಅದರ ಮೇಲಿನ ಮನೆ ಯಾಕೆ ಅನ್ನೋದು ವಾದ. ಅರ್ಜೆಂಟೀನಾದ ಲಿಯೊನಾರ್ಡೊ ಸಾಲ್ಗಾಡೊ ಅದೇ ವರ್ಷ ಇದನ್ನ ಪ್ರಶ್ನೆ ಮಾಡಿದ್ರು. ಎರಡೂ ಕಡೆ ತೂಕ ಇದೆ. ನೂರು ವರ್ಷದ ಬರಹಗಳೆಲ್ಲಾ ಆ ಹೆಸರಲ್ಲೇ ಇವೆ, ಹೆಸರು ಕಿತ್ತರೆ ಓದುವವರಿಗೆ ಹೊಸ ಗೊಂದಲ. ಆದ್ರೂ ನಾನು ವಿಲ್ಸನ್ ಕಡೆಯೇ, ಯಾಕಂದ್ರೆ ಅಭ್ಯಾಸ ಆಗಿದೆ ಅನ್ನೋ ಕಾರಣಕ್ಕೆ ಇಟ್ಟುಕೊಂಡ ಹೆಸರು ಮತ್ತೆ ಹೊಸ ಮೂಳೆಗಳನ್ನ ಎಳೆದು ತುಂಬಿಕೊಳ್ಳೋ ಡಬ್ಬಿ ಆಗುತ್ತೆ. ಟೈಟಾನೋಸಾರಿಯಾ ಅನ್ನೋ ದೊಡ್ಡ ಗುಂಪಿನ ಹೆಸರಿಗೆ ತೊಂದರೆ ಇಲ್ಲ, ಅದು ಒಂದೇ ಮೂಳೆ ಮೇಲೆ ನಿಂತಿಲ್ಲ. ಪೇಪರ್‌ನಲ್ಲಿ ಟೈಟಾನೋಸಾರ್ ಅಂತ ಬಂದ್ರೆ ಅದು ಈ ಗುಂಪು, ಕೊನೆಯಲ್ಲಿ ಅಸ್ ಸೇರಿಸಿ ಟೈಟಾನೋಸಾರಸ್ ಅಂತ ಬಂದ್ರೆ ಬಿದ್ದುಹೋದ ಜೀನಸ್, ವರದಿ ಬರೆಯೋರು ಎರಡನ್ನೂ ಕಲಸೋದು ಈಗಲೂ ನಿಂತಿಲ್ಲ.

ಇನ್ನೊಂದು ದೊಡ್ಡ ಸಮಸ್ಯೆ ಇತ್ತು. ಈ ವಿಮರ್ಶೆ ನಡೆಯೋ ಹೊತ್ತಿಗೆ ಇಂಡಿಕಸ್‌ನ ಅಸಲಿ ಮೂಳೆ ಎಲ್ಲಿದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಕಳೆದುಹೋಗಿದೆ ಅಂತಲೇ ಲೆಕ್ಕ. 2012ರಲ್ಲಿ ಭೂವಿಜ್ಞಾನಿಗಳಾದ ಧನಂಜಯ ಮೊಹಬೆ ಮತ್ತೆ ಶುಭಾಶಿಸ್ ಸೇನ್ ಕೋಲ್ಕತ್ತಾದ ಜಿಎಸ್‌ಐ ಸಂಗ್ರಹದಲ್ಲಿ ಹುಡುಕ್ತಾ ಇದ್ದಾಗ ಅದು ಸಿಕ್ತು, ಹಳೇ ಚಿತ್ರ, ಹಳೇ ವಿವರಣೆ ಜೊತೆ ತಾಳೆ ನೋಡಿ ಇದೇ ಅಂತ ಗುರುತು ಹಿಡಿದ್ರು, 2013ರ ಜನವರಿಯಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವಿಲ್ಸನ್ ಜೊತೆ ಸೇರಿ ಪ್ರಕಟಿಸಿದ್ರು. ಆ ಪತ್ರಿಕೆ ನಮ್ಮ ಬೆಂಗಳೂರಿಂದಲೇ ಹೊರಡೋದು. ಸ್ಲೀಮನ್ ಎತ್ತಿಕೊಂಡ ಮೂಳೆ ಸುಮಾರು 184 ವರ್ಷ ಆದ ಮೇಲೆ ಮತ್ತೆ ಲೆಕ್ಕಕ್ಕೆ ಬಂತು ಅನ್ನೋದು ನನಗೆ ನಿಜವಾಗ್ಲೂ ಸಂತೋಷದ ವಿಷಯ. ಆದ್ರೆ ಮೂಳೆ ಸಿಕ್ತು ಅಂತ ಹೆಸರು ವಾಪಸ್ ಬರಲಿಲ್ಲ, ಬರೋದೂ ಇಲ್ಲ, ಕೊರತೆ ಇದ್ದದ್ದು ಮೂಳೆಯ ವಿಳಾಸದ್ದಲ್ಲ, ಮೂಳೆಯಲ್ಲಿರೋ ಗುರುತಿನದ್ದು.

ಎಲ್ಲಾ ಮೂಳೆಗೂ ಆ ಅದೃಷ್ಟ ಇಲ್ಲ. ತಮಿಳುನಾಡಿನ ಅರಿಯಲೂರು ಹತ್ತಿರದ ಕಲ್ಲಮೇಡುನಲ್ಲಿ ಸಿಕ್ಕಿ 1980ರ ದಶಕದಲ್ಲಿ ಹೆಸರು ಪಡೆದ ಬೃಹತ್ಕಾಯೋಸಾರಸ್‌ನ ಮೊದ್ಲು ಮಾಂಸಾಹಾರಿ ಅಂದ್ರು, ಆಮೇಲೆ ಅಲ್ಲ ಸಾರೋಪಾಡ್ ಅಂದ್ರು, ಭೂಮಿ ಮೇಲೆ ನಡೆದ ಅತಿ ದೊಡ್ಡ ಪ್ರಾಣಿ ಇದೇ ಇರಬಹುದು ಅಂತಲೂ ಲೆಕ್ಕ ಹಾಕ್ತಾರೆ. ಮೂಳೆ ಮಾತ್ರ ಪುಡಿಯಾಗಿ ಹೋಯ್ತು. ಈಗ ವಾದ ಮಾಡೋದು ಚಿತ್ರ ಮತ್ತೆ ಹಳೇ ಫೋಟೋ ಇಟ್ಕೊಂಡು, ತೀರ್ಪು ಕೊಡೋಕೆ ಎದುರಿಗೆ ಏನೂ ಇಲ್ಲ. ಪಳೆಯುಳಿಕೆಯನ್ನ ಪ್ಲಾಸ್ಟರ್ ಹಾಕಿ ಎತ್ತೋದು, ನಂಬರ್ ಬರೆಯೋದು, ಯಾವ ಪದರದಲ್ಲಿ ಯಾವ ಮೂಳೆ ಪಕ್ಕ ಇತ್ತು ಅಂತ ನಕ್ಷೆ ಮಾಡೋದು, ಕಪಾಟಲ್ಲಿ ಜೋಪಾನ ಮಾಡೋದು, ಹೆಸರಿಡೋ ಕೆಲಸಕ್ಕಿಂತ ಇದೇ ಮುಖ್ಯ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಇದಕ್ಕೆ ಸಿಗೋ ಹಣ, ಜನ ಎರಡೂ ಸಾಲದು.

ಈಗ ಮಧ್ಯ ಭಾರತದ ಲಮೇಟಾ ಪದರದಲ್ಲಿ, ಅಂದ್ರೆ ಜಬಲ್ಪುರದ ಮೂಳೆಗಳು ಸಿಕ್ಕಿದ ಅದೇ ಕಲ್ಲಿನ ಪದರದಲ್ಲಿ, ಒಂಟಿ ಬಾಲದ ಮಣಿ ಸಿಕ್ಕಿದ್ರೆ ಹುಷಾರಾಗಿರೋ ಸಂಶೋಧಕರು ಹೊಸ ಹೆಸರಿಡಲ್ಲ, ಟೈಟಾನೋಸಾರಿಯಾ ಗುಂಪಿನದ್ದು, ಯಾವುದು ಅಂತ ಹೇಳೋಕಾಗಲ್ಲ ಅಂತ ಬರೆದು ಬಿಡ್ತಾರೆ. ಗುಜರಾತಿನ ಧೋಲಿ ಡುಂಗ್ರಿಯ ಉದಾಹರಣೆ ನೋಡಿ. ಸಾರೋಪಾಡ್ ಗೂಡಿನಲ್ಲಿ ಮೊಟ್ಟೆ, ಪಕ್ಕದಲ್ಲಿ ಆಗಷ್ಟೇ ಹೊರಬಂದ ಮರಿಯ ಮೂಳೆ, ಒಡೆದ ಮೊಟ್ಟೆಯೊಂದನ್ನ ಸುತ್ತಿಕೊಂಡು ಒಂದು ಹಾವು, ಎಲ್ಲಾ ಒಟ್ಟಿಗೆ ಕಲ್ಲಾಗಿದೆ. 2010ರಲ್ಲಿ ವಿಲ್ಸನ್, ಮೊಹಬೆ ತಂಡ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು, ಮರಿಯನ್ನ ಟೈಟಾನೋಸಾರ್ ಮರಿ ಅಂತಷ್ಟೇ ಕರೆದ್ರು. ಮರಿಯ ಮೂಳೆಯನ್ನ ದೊಡ್ಡ ಪ್ರಾಣಿಯ ಮೂಳೆ ಜೊತೆ ನೇರವಾಗಿ ಹೋಲಿಸೋಕಾಗಲ್ಲ, ಬೆಳೀತಾ ಆಕಾರ ಬದಲಾಗುತ್ತೆ. ಇಡೀ ಜಗತ್ತು ನೋಡೋ ಪಳೆಯುಳಿಕೆ ಕೈಲಿದ್ದೂ ಅರ್ಧಕ್ಕೆ ಹೆಸರಿಡದೇ ಬಿಟ್ಟರಲ್ಲ, ಆ ಸಂಯಮ ನನಗೆ ತುಂಬಾ ಹಿಡಿಸ್ತು.

ಇನ್ನು ಮೊಟ್ಟೆಗಳ ಕಡೆಯಿಂದ ಹೊಸ ಒತ್ತಡ ಬಂದಿದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿರೋ ಬಗ್ಗೆ 2023ರಲ್ಲಿ ಪ್ರಕಟವಾಯ್ತು, ಮೊಟ್ಟೆಯ ಆಕಾರ, ಚಿಪ್ಪಿನ ರಚನೆ ನೋಡಿ ಆರು ಬಗೆ ಅಂತ ವಿಂಗಡಿಸಿದ್ದಾರೆ. ಮೊಟ್ಟೆಗೆ ಕೊಡೋ ಪ್ರಭೇದದ ಹೆಸರು ಬೇರೆ ಲೆಕ್ಕದ್ದು, ಪ್ರಾಣಿಯ ಹೆಸರಿನ ಜೊತೆ ಬೆರೆಸಲ್ಲ. ಮೂಳೆ ಲೆಕ್ಕದಲ್ಲಿ ಲಮೇಟಾದಲ್ಲಿ ಗಟ್ಟಿಯಾಗಿ ನಿಂತಿರೋದು ಐಸಿಸಾರಸ್, ಜೈನೋಸಾರಸ್ ಎರಡೇ. ಹಾಗಾದ್ರೆ ಎರಡಕ್ಕಿಂತ ಹೆಚ್ಚು ಥರದ ಸಾರೋಪಾಡ್ ಅಲ್ಲಿ ಓಡಾಡ್ತಿದ್ವು ಅನ್ನೋ ಅನುಮಾನ ಬಲವಾಗಿದೆ. ಅಂದ್ರೆ ಸ್ಲೀಮನ್‌ನ ಬಾಲದ ಮಣಿ ಆ ಎರಡರಲ್ಲಿ ಒಂದರದ್ದೂ ಇರಬಹುದು, ಮೂಳೆ ಇನ್ನೂ ಸಿಗದ ಮೂರನೆಯದ್ದರದ್ದೂ ಇರಬಹುದು. ಅದು ಇತ್ಯರ್ಥ ಆಗ್ಬೇಕಾದ್ರೆ ಅದೇ ಥರ ಪಕ್ಕ ಚಪ್ಪಟೆಯಾದ ಮಣಿಗಳಿರೋ ಬಾಲ ಬೆನ್ನು ಸೊಂಟದ ಜೊತೆ ಕೂಡಿಕೊಂಡೇ ನೆಲದಿಂದ ಬರಬೇಕು. ಅಲ್ಲಿವರೆಗೂ ಕೋಲ್ಕತ್ತಾದಲ್ಲಿರೋ ಆ ಮೂಳೆಯ ಲೇಬಲ್ ಮೇಲೆ ಹಳೇ ಹೆಸರು ಇತಿಹಾಸದ ಹೆಸರಾಗಿ ಇರಲಿ, ಹೊಸ ಮೂಳೆಗಳಿಗೆ ಮಾತ್ರ ಅದನ್ನ ಅಂಟಿಸೋದು ಬೇಡ.